ಒತ್ತಿ ಬರೆದ ಅಂಕಿ

ಮೇ 3

ಅಕ್ಕನಿಗೆ,

ಹನ್ನೆರಡು ವರ್ಷ ಮಾತು ಬಿಟ್ಟವರು ಕಾಗದವನ್ನು ಹೇಗೆ ಶುರು ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ. ಎರಡು ಹಾಳೆ ಹರಿದು ಹಾಕಿದೆ. ಇದು ಮೂರನೆಯದು, ಹೇಗಿದ್ದರೂ ಕಳಿಸಿಬಿಡುತ್ತೇನೆ.

ಅಪ್ಪನ ದುರ್ಬೀನನ್ನು ನಿನಗೆ ಕಳಿಸುತ್ತಿದ್ದೇನೆ. ಬರುವ ವಾರ ಸಾಮಾನಿನ ಲಾರಿಯಲ್ಲಿ ಬರುತ್ತದೆ. ಕೊಳವೆಯನ್ನು ಎರಡು ಹಳೇ ಕಂಬಳಿಯಲ್ಲಿ ಸುತ್ತಿದ್ದೇನೆ. ಅಪ್ಪ ಉಜ್ಜಿದ ಕನ್ನಡಿ ಬೇರೆ ಇದೆ, ಬಿಸ್ಕತ್ತಿನ ಡಬ್ಬದಲ್ಲಿ, ಸುತ್ತ ಹತ್ತಿ ತುಂಬಿದ್ದೇನೆ. ಡಬ್ಬದ ಮೇಲೆ ನಾಲ್ಕೂ ಕಡೆ 'ಗಾಜು' ಎಂದು ಬರೆಸಿದ್ದೇನೆ.

ಬೇಕರಿ ಕೆಲಸ ಬಿಟ್ಟೆ. ಇಪ್ಪತ್ತಾರು ವರ್ಷ ಒಲೆಯ ಮುಂದೆ ನಿಂತದ್ದು ಸಾಕು ಅನ್ನಿಸಿತು. ಮಹಡಿ ಮನೆಯನ್ನೂ ಬಿಡುತ್ತಿದ್ದೇನೆ. ಮಗಳು ಕೆಲಸ ಮಾಡುವ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ನೆಲಮಟ್ಟದ ಎರಡು ಕೋಣೆ ಸಿಕ್ಕಿವೆ. ಅಲ್ಲಿ ತಾರಸಿ ಹತ್ತಲು ಮೆಟ್ಟಿಲೇ ಇಲ್ಲ. ದುರ್ಬೀನನ್ನು ಎಲ್ಲಿಡಲಿ? ಹಳೇ ಸಾಮಾನಿನವನನ್ನು ಕರೆದೆ. ಅವನು ಕೊಳವೆಯನ್ನು ಬೆರಳಿನಿಂದ ತಟ್ಟಿ ನೋಡಿ, "ಒಳಗೆ ಏನೂ ಇಲ್ವಲ್ಲ ಸಾರ್, ಬರೀ ಪೈಪು" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಐಪೀಸ್ ಮೂರೂ ನಿನ್ನ ಹತ್ತಿರ ಇರುವಾಗ ಅದು ಬರೀ ಪೈಪೇ. ಕಣ್ಣಿಟ್ಟು ನೋಡುವ ಗಾಜೇ ಇಲ್ಲದ ಮೇಲೆ ದುರ್ಬೀನಿನಲ್ಲಿ ಏನು ಕಾಣುತ್ತದೆ?

ಕೊಳವೆ ನನ್ನ ಪಾಲು, ಐಪೀಸು ನಿನ್ನ ಪಾಲು ಅಂತಾಗಿ ಇಷ್ಟು ವರ್ಷ ಇಬ್ಬರಿಗೂ ಏನೂ ಕಾಣಲಿಲ್ಲ. ಇನ್ನು ಮೇಲೆ ಒಬ್ಬರಿಗಾದರೂ ಕಾಣಲಿ.

ತಮ್ಮ


ಮೇ 24

ಸಾಮಾನು ತಲುಪಿತು. ಏನೂ ಒಡೆದಿಲ್ಲ. ಮೂರು ಮಹಡಿ ಹೊತ್ತು ತಂದ ಲಾರಿಯವರು "ಇದೇನಮ್ಮಾ, ತೋಪಾ?" ಎಂದು ಕೇಳಿದರು. ಬೇರೆ ಜಾಗವಿಲ್ಲದೆ ಮಂಚದ ಕೆಳಗೆ ತಳ್ಳಿದ್ದೇನೆ. ಅರ್ಧ ಹೊರಗೇ ಇದೆ, ದಿನಕ್ಕೊಂದು ಸಲ ಕಾಲಿಗೆ ಬಡಿಯುತ್ತದೆ.

ನಿನ್ನ ಕಾಗದ ಓದಿ ಸಮಾಧಾನ ಆಗಲಿಲ್ಲ, ಸಿಟ್ಟು ಬಂತು. ಇಬ್ಬರಿಗೂ ಏನೂ ಕಾಣಲಿಲ್ಲ ಎಂದು ಬರೆದಿದ್ದೀಯ, ಯಾರೋ ಮೂರನೆಯವರು ಮಾಡಿಟ್ಟ ಕೆಲಸದ ಹಾಗೆ. ಮಾಡಿದವನು ನೀನು.

ಅಪ್ಪ ಹಾಕಿಕೊಟ್ಟ ನಿಯಮ ಒಂದೇ ಒಂದು. ನಮ್ಮ 'ಕಳ್ಳ' ಕೆಲವು ತಿಂಗಳು ಮಂಕಾಗಿ ಅಡಗಿ, ಆಮೇಲೆ ನಿಧಾನವಾಗಿ ಬೆಳಗಿ, ಮತ್ತೆ ಅಡಗುವ ನಕ್ಷತ್ರ. ಇವತ್ತು ಎಷ್ಟು ಬೆಳಗಿದ್ದಾನೆ ಎಂದು ಅಕ್ಕಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಅಂಕಿ ಬರೆಯಬೇಕು. ಅಂಕಿ ದೊಡ್ಡದಾದಷ್ಟೂ ಮಂಕು ಎಂಬ ಉಲ್ಟಾ ಲೆಕ್ಕ ನಿನ್ನ ತಲೆಗೆ ಹೋಗಲು ಒಂದು ತಿಂಗಳು ಹಿಡಿದಿತ್ತು. ಇಬ್ಬರು ನೋಡಿದರೆ ಇಬ್ಬರೂ ಬೇರೆ ಬೇರೆ ಬರೆಯಬೇಕು, ಒಬ್ಬರ ಅಂಕಿ ಇನ್ನೊಬ್ಬರ ಕಿವಿಗೂ ಬೀಳಬಾರದು. "ಮೊದಲು ಬರಿ, ಆಮೇಲೆ ಬಾಯಿ ಬಿಡು" ಎನ್ನುತ್ತಿದ್ದರು. ಅಪ್ಪ ಹೋದ ಮೇಲೂ ಹನ್ನೊಂದು ವರ್ಷ ನಾವು ಹಾಗೇ ಮಾಡಿದೆವು. ನಾನು ಬರೆದು, ಚೀಟಿ ಹರಿದು, ಮಡಚಿ ಡಬ್ಬಿಗೆ ಹಾಕಿ, ಚೀಟಿಪುಸ್ತಕವನ್ನೂ ಪೆನ್ಸಿಲನ್ನೂ ನಿನಗೆ ಕೊಡುತ್ತಿದ್ದೆ.

ಆ ಸಂಜೆ ನಕಾಶೆಯನ್ನು ನಾನು ತಲೆಕೆಳಗಾಗಿ ಹಿಡಿದಿದ್ದೆ. ಪಕ್ಕದ ಯಾವುದೋ ನಕ್ಷತ್ರವನ್ನು ಕಳ್ಳ ಎಂದುಕೊಂಡು 6.2 ಬರೆದೆ. ನಿಜವಾದ ಕಳ್ಳ ಅವತ್ತು 8 ದಾಟಿ ಮಂಕಾಗಿದ್ದ. ನಿನ್ನ ಚೀಟಿ ಬಿಡಿಸಿದರೆ ಅದರಲ್ಲೂ 6.2. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದಿ ಹೊಟ್ಟೆ ಹೊರೆಯುವವಳು. ಇಬ್ಬರು ಒಂದೇ ಸರಿಯನ್ನು ಬರೆಯಬಹುದು, ಒಂದೇ ತಪ್ಪನ್ನು ಬರೆದರೆ ಒಬ್ಬ ನಕಲು ಮಾಡಿದ್ದಾನೆ ಎಂದೇ ಅರ್ಥ. ಇಬ್ಬರ ಅಂಕಿಯನ್ನೂ ಅಕ್ಕಪಕ್ಕದ ಅಂಕಣದಲ್ಲಿ ಏರಿಸುತ್ತಿದ್ದ ಪುಸ್ತಕದ ಹಿಂದಿನ ಪುಟ ತಿರುವಿದೆ, ಪುಟ ಪುಟವೂ ನನ್ನದೇ ಅಂಕಿ. ಡಬ್ಬಿ ನನ್ನ ತೊಡೆಯ ಮೇಲೆ ಇರುತ್ತಿತ್ತು. ಹೇಗೆ ನೋಡಿದೆ ಎನ್ನುವುದು ಇವತ್ತಿಗೂ ತಿಳಿದಿಲ್ಲ. ಕೇಳಿದಾಗ ನೀನು ಬಾಯಿ ಬಿಡಲಿಲ್ಲ. ನಿನ್ನ ಅಂಕಣವನ್ನು ಮೊದಲ ಪುಟದಿಂದ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ, ಐಪೀಸ್ ತೆಗೆದುಕೊಂಡು ಮೆಟ್ಟಿಲಿಳಿದೆ.

ನಿನ್ನ ಹೆಂಡತಿ ತೀರಿಕೊಂಡ ದಿನ ಎಲ್ಲ ಮರೆತು ಬಂದಿದ್ದೆ. ಮಬ್ಬು ಹಜಾರದಲ್ಲಿ ಬಾಗಿಲ ಪಕ್ಕವೇ ನಿಂತಿದ್ದೆ. ನೀನು ಒಂದು ಮೊಳ ದೂರದಲ್ಲಿ ಹಾದು ಹೋದೆ, ಯಾರೋ ದಾರಿಹೋಕರನ್ನು ಕಂಡವನ ಹಾಗೆ. ಅರ್ಧ ಗಂಟೆ ನಿಂತು ವಾಪಸು ಬಸ್ಸು ಹತ್ತಿದೆ. ಅದನ್ನೂ ನಾನು ಮರೆತಿಲ್ಲ.

ಅಕ್ಕ


ಜೂನ್ 10

ಅಕ್ಕನಿಗೆ,

ಬೈದದ್ದು ಸರಿ. ಹಜಾರದ ವಿಷಯ ನನಗೆ ಗೊತ್ತೇ ಇರಲಿಲ್ಲ. ನೀನು ಬಂದಿದ್ದೆ ಎಂದು ಮಗಳು ಹೇಳಿದ್ದು ಮೂರು ದಿನ ಕಳೆದ ಮೇಲೆ.

ಕನ್ನಡಿಯ ವಿಷಯ ಹೇಳುತ್ತೇನೆ. ಅದರ ಮೇಲೆ ಧೂಳು ಕೂತಿದೆ, ಬಟ್ಟೆಯಿಂದ ಒರೆಸಬೇಡ, ಗೀರು ಬೀಳುತ್ತದೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರಿಗೆ ಎರಡು ತೊಟ್ಟು ಸೋಪು ಹಾಕು. ಕನ್ನಡಿಯನ್ನು ಅದರಲ್ಲಿ ಮಲಗಿಸಿ ಕಾಲು ಗಂಟೆ ಬಿಡು. ಒದ್ದೆ ಹತ್ತಿಯನ್ನು ಅದರ ಮೇಲೆ ಒತ್ತಬೇಡ, ತನ್ನ ಭಾರಕ್ಕೇ ಜಾರಲಿ. ಕೊನೆಗೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ತೊಳೆದು ಗೋಡೆಗೆ ಒರಗಿಸಿ ಒಣಗಿಸು. ಅಪ್ಪ ಎಂಟು ತಿಂಗಳು ಉಜ್ಜಿದ ಗಾಜು ಅದು. ದಿನವೆಲ್ಲ ಕನ್ನಡಕದಂಗಡಿಯಲ್ಲಿ ಊರಿನವರ ಗಾಜು ಉಜ್ಜಿ, ಸಂಜೆ ಬಂದು ಇದನ್ನು ಉಜ್ಜುತ್ತಿದ್ದರು. ಅಮ್ಮ "ನಿಮ್ಮ ಕೈಗೆ ಬೇರೆ ಕೆಲಸವೇ ಗೊತ್ತಿಲ್ವಾ?" ಅನ್ನುತ್ತಿದ್ದಳು, ನೆನಪಿದೆಯಾ?

ಕನ್ನಡಿಯ ಓರೆ ಸರಿಪಡಿಸಲು ಕೊಳವೆಯ ಹಿಂದೆ ಮೂರು ತಿರುಪು ಇವೆ. ಕೆಳಗಿನದನ್ನು ಮುಟ್ಟಬೇಡ, ಅದರ ಸುರುಳಿಗೆರೆ ಸವೆದಿದೆ. ಉಳಿದೆರಡನ್ನು ಒಂದೊಂದು ಕೂದಲಿನಷ್ಟು ತಿರುಗಿಸುತ್ತ, ಹರಡಿಕೊಂಡ ನಕ್ಷತ್ರ ಸರಿಯಾಗಿ ಚುಕ್ಕೆಯಾಗುವವರೆಗೆ ನೋಡು.

ನನ್ನ ಎಣಿಕೆಯ ಪ್ರಕಾರ ಕಳ್ಳ ಆಗಸ್ಟ್ ಹೊತ್ತಿಗೆ ಹೊರಗೆ ಬರುತ್ತಾನೆ. ನವೆಂಬರ್ ಕೊನೆಗೆ ತುಂಬ ಬೆಳಗುತ್ತಾನೆ. ಆಗ ದುರ್ಬೀನೂ ಬೇಡ, ಬರಿಗಣ್ಣಿಗೇ ಕಾಣುತ್ತಾನೆ. ನೀನು ನೋಡಿದರೆ ಒಂದು ಅಂಕಿ ಬರೆದು ಕಳಿಸು. ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ.

ತಮ್ಮ


ಆಗಸ್ಟ್ 18

ತಮ್ಮನಿಗೆ,

ಕನ್ನಡಿ ತೊಳೆದೆ. ನೀನು ಹೇಳಿದ ಹಾಗೇ ತೊಳೆದೆ, ಆದರೆ ಮುಟ್ಟಬೇಡ ಎಂದಿದ್ದ ಕೆಳಗಿನ ತಿರುಪನ್ನೇ ಮೊದಲು ಮುಟ್ಟಿದೆ. ಅದು ಕಳಚಿ ಉರುಳಿಕೊಂಡು ನೀರಿನ ತೊಟ್ಟಿಯ ಹಿಂದೆ ಹೋಯಿತು. ಐವತ್ತೈದರ ಹೆಂಗಸು ತಾರಸಿಯ ಮೇಲೆ ಬೋರಲು ಮಲಗಿ ತಿರುಪು ಹುಡುಕುವುದನ್ನು ಪಕ್ಕದ ಮನೆಯವಳು ನೋಡಿ, "ಬಿದ್ದುಬಿಟ್ರಾ?" ಎಂದು ಓಡಿ ಬಂದಳು.

ಐಪೀಸುಗಳನ್ನು ಇಟ್ಟಿದ್ದ ಗಂಟಲುಮಾತ್ರೆಯ ಡಬ್ಬಿಯನ್ನು ಹನ್ನೆರಡು ವರ್ಷದಲ್ಲಿ ಒಂದು ಸಲವೂ ತೆರೆದಿರಲಿಲ್ಲ. ಚಿಕ್ಕದಕ್ಕೆ ಬೂಸರು ಹಿಡಿದಿದೆ. ಅಪ್ಪ ಲೇತಿನಲ್ಲಿ ತಾವೇ ಕಡೆದ ಹಿತ್ತಾಳೆಯ ಎರಡು ಚೆನ್ನಾಗಿವೆ. ದೊಡ್ಡದನ್ನು ಕೊಳವೆಗೆ ತೂರಿಸಿದಾಗ 'ಟಕ್' ಎಂದು ಕೂತಿತು. ಆ ಸದ್ದು ಕೇಳಿ ನನಗೆ ಅಳು ಬಂತು. ಯಾಕೆ ಎಂದು ಕೇಳಬೇಡ.

ಬೆನ್ನು ನೋಯುತ್ತದೆ. ಐಪೀಸಿಗೆ ಬಗ್ಗಿದರೆ ಕನ್ನಡಕ ಅಡ್ಡ ಬರುತ್ತದೆ, ತೆಗೆದರೆ ನಕಾಶೆ ಕಾಣುವುದಿಲ್ಲ. ಎಂಟು ಸಂಜೆ ಹುಡುಕಿದೆ. ಒಂಬತ್ತನೆಯ ಸಂಜೆ, ಪಶ್ಚಿಮದ ಬೆಳಕು ಪೂರ್ತಿ ಆರಿದ ಮೇಲೆ, ಕಳ್ಳ ಸಿಕ್ಕಿದ. ಅಂಕಿ 8.4. ನೀನು ಕೇಳಿದ್ದೆಯಲ್ಲ, ಅದಕ್ಕೆ ಬರೆದಿದ್ದೇನೆ.

ಇನ್ನೊಂದು ವಿಷಯ. ನಕ್ಷತ್ರ ನೋಡುವವರ ಸಂಘವೊಂದಿದೆ. ಕಳ್ಳನ ಬಗ್ಗೆ ನಮ್ಮಲ್ಲಿ ಹಳೇ ದಾಖಲೆ ಇದೆ ಎಂದು, ಒಂದು ಪುಟದ ಪ್ರತಿಯನ್ನೂ ಇಟ್ಟು ಬರೆದಿದ್ದೆ. ಡಿಸೆಂಬರ್ ಕೊನೆಯೊಳಗೆ ಪ್ರತಿ ಮಾಡಿ ಕಳಿಸಿ ಎಂದಿದ್ದಾರೆ. ಎರಡನೆಯ ಅಂಕಣ ಯಾರದು, ಯಾಕೆ ಹೊಡೆದು ಹಾಕಿದ್ದೀರಿ, ಇಬ್ಬರು ಬೇರೆ ಬೇರೆ ನೋಡಿ ಬರೆದದ್ದಾದರೆ ಅದಕ್ಕೆ ತುಂಬ ಬೆಲೆಯಿದೆ ಎಂದೂ ಬರೆದಿದ್ದಾರೆ. ಅವರಿಗೆ ನಾನು ಏನು ಹೇಳಲಿ? ಹನ್ನೊಂದು ವರ್ಷವೂ ನಕಲೇ? ಯಾಕೆ ಮಾಡಿದೆ? ನಿಜ ಹೇಳಿದರೆ ನಾನು ನಿನ್ನನ್ನು ಕಚ್ಚುವುದಿಲ್ಲ.

ಅಕ್ಕ


ಸೆಪ್ಟೆಂಬರ್ 4

ಅಕ್ಕ,

8.4! ಅಂದರೆ ಬರುತ್ತಿದ್ದಾನೆ. ಕಾಗದ ಬಂದ ದಿನದಿಂದ ಮಗಳ ಹತ್ತಿರ ದಿನವೂ 8.4, 8.4 ಎನ್ನುತ್ತಿದ್ದೇನೆ, ಅವಳಿಗೆ ಸಾಕಾಗಿದೆ.

ನಕಲಿನ ವಿಷಯ ಬಿಟ್ಟುಬಿಡು. ಸೋಮಾರಿತನ ಎಂದುಕೋ. ಬೇಕರಿಯವನು, ಬೆಳಗಿನ ಜಾವ ಮೂರಕ್ಕೆ ಏಳುವವನು, ಸಂಜೆ ಹೊತ್ತಿಗೆ ತೂಕಡಿಕೆ. ಸಂಘದವರಿಗೆ ನಿನ್ನ ಅಂಕಣ ಮಾತ್ರ ಕಳಿಸು. ಎರಡನೆಯವನು ಕೆಲಸಕ್ಕೆ ಬಾರದವನು ಎಂದು ಬರೆ.

ತಿರುಪು ಸಿಕ್ಕಿತಾ?

ಗೂಬೆ


ಸೆಪ್ಟೆಂಬರ್ 20

ತಿರುಪು ಸಿಕ್ಕಿತು.

ಚಿಕ್ಕಂದಿನಲ್ಲಿ ನಾನು ಇಟ್ಟ ಹೆಸರನ್ನು ಕೆಳಗೆ ಬರೆದರೆ ನಾನು ಕರಗಿಬಿಡುತ್ತೇನೆ ಎಂದುಕೊಂಡೆಯಾ? ತೂಕಡಿಕೆಯಂತೆ. ತೂಕಡಿಸುವವನಿಗೆ ನನ್ನ ಅಂಕಿ ಕದಿಯಲು ಎಚ್ಚರವಿತ್ತು, ನಕ್ಷತ್ರ ನೋಡಲು ಎಚ್ಚರವಿರಲಿಲ್ಲ.

ಕಾಗದವನ್ನಾದರೂ ನೆಟ್ಟಗೆ ಬರೆಯಬಾರದೇ? ಮೇ ತಿಂಗಳಲ್ಲಿ ನಿನ್ನ ಅಕ್ಷರ ದಪ್ಪಗಿತ್ತು, ಈಗ ಹಲಗೆಯ ಮೇಲೆ ಬರೆದ ಹಾಗಿದೆ. ಎರಡು ಸಾಲು ಒಂದರ ಮೇಲೊಂದು ಹತ್ತಿ ಕೂತಿವೆ. ಕುಡಿದು ಬರೆದೆಯಾ? ನಾನು ನಿಜ ಕೇಳಿದೆ, ನೀನು ತಮಾಷೆ ಕಳಿಸಿದೆ. ಇನ್ನು ಬರೆಯಬೇಡ. ನಿನ್ನ ಅಂಕಣವನ್ನು ಪೂರ್ತಿ ಬಿಟ್ಟು ನನ್ನದನ್ನು ಕಳಿಸುತ್ತೇನೆ. ಅಪ್ಪನಿಗೆ ಇಬ್ಬರು ಮಕ್ಕಳಿದ್ದರು ಎನ್ನುವುದು ಆ ದಾಖಲೆಯಲ್ಲಿ ಇರುವುದಿಲ್ಲ.

ಅಕ್ಕ


ಅಕ್ಟೋಬರ್ 2

ಅತ್ತೆಗೆ ನಮಸ್ಕಾರ.

ನಾನು ನಿಮ್ಮ ತಮ್ಮನ ಮಗಳು. ನೀವು ನನ್ನನ್ನು ಕೊನೆಯ ಸಲ ನೋಡಿದಾಗ ನನಗೆ ಹದಿನಾರು, ಅಮ್ಮ ಹೋದ ದಿನ. ಈಗ ನರ್ಸ್ ಆಗಿದ್ದೇನೆ. ಅಪ್ಪನಿಗೆ ಹೇಳದೆ ಬರೆಯುತ್ತಿದ್ದೇನೆ. ಗೊತ್ತಾದರೆ ಬೈಯುತ್ತಾರೆ, ಬೈಯಲಿ.

ಅಪ್ಪ ಕುಡಿಯುವುದಿಲ್ಲ ಅತ್ತೆ. ಅಪ್ಪನಿಗೆ ಕಣ್ಣು ಕಾಣುವುದಿಲ್ಲ.

ಮೂವತ್ತು ದಾಟಿದ ಮೇಲೆ ಶುರುವಾದದ್ದು. ಮೊದಲು ಮಬ್ಬಿನಲ್ಲಿ ಕಾಣುವುದು ನಿಂತಿತು. ಆಮೇಲೆ ಅಕ್ಕಪಕ್ಕದ್ದು ಹೋಯಿತು, ನಡುವಿನಲ್ಲಿ ಬಿಲ್ಲೆಯಷ್ಟು ಜಾಗ ಉಳಿಯಿತು. ಅಷ್ಟರಲ್ಲೇ ಬೇಕರಿ ಕೆಲಸ ಮಾಡಿದರು. ತಟ್ಟೆಗಳ ಜಾಗ ಕೈಗೆ ಗೊತ್ತಿತ್ತು. ಹೋದ ಚಳಿಗಾಲದಲ್ಲಿ ಬಿಸಿ ತಟ್ಟೆಯ ಮೇಲೆ ಬಿದ್ದು ಮೊಣಕೈ ಸುಟ್ಟುಕೊಂಡ ಮೇಲೆ ಕೆಲಸ ಬಿಡಬೇಕಾಯಿತು. ಇದು ವಂಶದಲ್ಲಿ ಬರುವ ಕಾಯಿಲೆ, ಇದಕ್ಕೆ ಔಷಧಿ ಇಲ್ಲ ಎಂದಿದ್ದಾರೆ. ನನ್ನ ಕಣ್ಣನ್ನೂ ಪರೀಕ್ಷೆ ಮಾಡಿದರು, ಸರಿಯಿದೆಯಂತೆ. ನೀವೂ ಒಮ್ಮೆ ತೋರಿಸಿಕೊಳ್ಳಿ.

ಅಮ್ಮ ಹೋದ ದಿನ ನೀವು ಹಜಾರದಲ್ಲಿ ಇದ್ದದ್ದು ಅವರಿಗೆ ಕಾಣಲಿಲ್ಲ. ನಾನು ಹೇಳಿದಾಗ ಬಸ್‌ಸ್ಟ್ಯಾಂಡಿಗೆ ಹೋಗುತ್ತೇನೆ ಎಂದು ಹೊರಟರು. ನೀವು ಹೋಗಿ ಮೂರು ದಿನವಾಗಿತ್ತು.

ನಿಮ್ಮ ಕಾಗದಗಳನ್ನು ಓದಿ ಹೇಳುವವಳು ನಾನು. ಹೋದ ಸಲದ್ದನ್ನು ಓದುವಾಗ 'ಕುಡಿದು ಬರೆದೆಯಾ' ಬಂದಾಗ ನಿಲ್ಲಿಸಿದೆ. "ಯಾಕೆ ನಿಲ್ಸಿದೆ? ಓದು. ಅಕ್ಕ ಬೈಯೋದನ್ನ ಕೇಳಿ ಎಷ್ಟು ವರ್ಷ ಆಯ್ತು" ಎಂದು ನಕ್ಕರು. ಕೊನೆಯ ಸಾಲು ಓದಿದ ಮೇಲೆ ನಗಲಿಲ್ಲ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು, ತಪ್ಪು ತಿಳಿಯಬೇಡಿ. ನಕ್ಷತ್ರಗಳು ಅವರಿಗೆ ಕಾಣುವುದು ನಿಂತು ತುಂಬ ವರ್ಷವಾಯಿತು. ಆದರೆ ಚಂದ್ರ ಮೂರು ವರ್ಷದ ಹಿಂದಿನವರೆಗೂ ಕಾಣುತ್ತಿದ್ದ. ದುರ್ಬೀನಿನಲ್ಲಿ ಅವನ ಗುಂಡಿಗಳೂ ಕಾಣುತ್ತಿದ್ದವು ಅನ್ನಿಸುತ್ತದೆ. ಐಪೀಸ್ ಇರಲಿಲ್ಲ. ಹೊಸದು ತರೋಣ ಅಂದೆ. ಅಂಗಡಿಯದು ತಾತ ಕಡೆದ ತೂತಿಗೆ ಕೂರುವುದಿಲ್ಲ ಎಂದರು. ಅತ್ತೆಗೆ ಬರೆದು ಕೇಳೋಣ ಅಂದೆ. "ಬೇಡ, ಅವಳೇ ಒಂದಿನ ತರ್ತಾಳೆ" ಎಂದರು. ಕೊಳವೆಯನ್ನು ಪ್ರತಿ ಭಾನುವಾರ ಒರೆಸಿಡುತ್ತಿದ್ದರು.

ನಿಮ್ಮ ಸೊಸೆ


ಅಕ್ಟೋಬರ್ 8

ಮಗಳೇ,

ನಿನ್ನ ಕಾಗದ ಬಂತು. ನಾನು ಶನಿವಾರದ ಬಸ್ಸಿಗೆ ಹೊರಡುತ್ತೇನೆ. ಅಪ್ಪನಿಗೆ ಹೇಳು.

ಅತ್ತೆ


ಅಕ್ಟೋಬರ್ 11

ಅಕ್ಕ,

ಇದನ್ನು ನಾನು ಹೇಳುತ್ತಿದ್ದೇನೆ, ಮಗಳು ಬರೆಯುತ್ತಿದ್ದಾಳೆ. ಸಾಲುಗಳು ನೆಟ್ಟಗಿವೆಯಂತೆ. ನೀನು ಹೊರಡುವುದರೊಳಗೆ ಕೈಸೇರಲಿ ಎಂದು ಆ ಕಡೆ ಬರುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ಈಗಲೇ ಬರಬೇಡ. ಕಳ್ಳ ಬೆಳಗುತ್ತಿರುವ ಹೊತ್ತಿನಲ್ಲಿ ಅವನನ್ನು ಬಿಟ್ಟು ನನ್ನನ್ನು ನೋಡಲು ಬರುತ್ತೀಯಾ? ನಾನು ಬೆಳಗುವುದೂ ಇಲ್ಲ, ಅಡಗುವುದೂ ಇಲ್ಲ, ಇಲ್ಲೇ ಕುರ್ಚಿಯಲ್ಲಿ ಇರುತ್ತೇನೆ. ಅವನು ತುಂಬ ಬೆಳಗಿ ಇಳಿಯಲು ಶುರುಮಾಡಲಿ, ಆಮೇಲೆ ಬಾ. ಅಲ್ಲದೆ ನಿನ್ನ ಪ್ರಶ್ನೆಗೆ ಉತ್ತರ ಕೊಡದೆ ನಿನ್ನ ಎದುರು ಕೂರುವುದು ನನ್ನಿಂದ ಆಗದು.

ಹೇಗೆ ಕದ್ದೆ ಎಂದು ಕೇಳಿದ್ದೆ. ಡಬ್ಬಿಗೆ ನಾನು ಕೈ ಹಾಕಲಿಲ್ಲ. ನೀನು ಕರಡು ತಿದ್ದುವ ಕೈಯವಳು, ಒತ್ತಿ ಬರೆಯುತ್ತೀಯ. ನೀನು ಚೀಟಿ ಹರಿದುಕೊಂಡ ಮೇಲೆ ಕೆಳಗಿನ ಹಾಳೆಯಲ್ಲಿ ನಿನ್ನ ಅಂಕಿ ತಗ್ಗಾಗಿ ಉಳಿದಿರುತ್ತಿತ್ತು. ಆ ಹಾಳೆಯ ಮೇಲೆ ಬೆರಳಾಡಿಸಿ ಓದಿಕೊಳ್ಳುತ್ತಿದ್ದೆ. ಮೊದಲ ಸಲ ಬೆರಳಿಗೆ ಸಿಕ್ಕಿದ್ದು ಆಕಸ್ಮಿಕ. ಏಳು ಎಂದು ಬೆರಳಿಗೆ ತಿಳಿದಾಗ ಅಳುವೂ ಬಂತು, ನಗುವೂ ಬಂತು.

ಯಾಕೆ ಎಂದರೆ, ಆ ಮೊದಲ ಸಲದ ಸಂಜೆ ಐಪೀಸಿಗೆ ಕಣ್ಣಿಟ್ಟರೆ ಒಳಗೆ ಏನೂ ಇರಲಿಲ್ಲ. ಮೋಡ ಎಂದುಕೊಂಡೆ. "ಇವತ್ತು ಆಕಾಶ ತೊಳೆದಿಟ್ಟ ಹಾಗಿದೆ" ಎಂದು ನೀನು ಅಂದೆ. ಆಗ ಗೊತ್ತಾಯಿತು. ಹೇಳಿದ್ದರೆ ನೀನು ಅವತ್ತೇ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದೆ. ಮರುದಿನದಿಂದ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ದಿನಕ್ಕೆ ಅರ್ಧ ಗಂಟೆ ನಾವಿಬ್ಬರೂ ಅಲ್ಲಿ ಕೂರುತ್ತಿದ್ದೆವಲ್ಲ, ಅಪ್ಪನ ಮಾತು, ಪ್ರೆಸ್ಸಿನ ಮಾತು, ನೀನು ತರುತ್ತಿದ್ದ ಫ್ಲಾಸ್ಕು. ನನಗೆ ಅದು ಬೇಕಿತ್ತು. ಅದು ಹೋಗಬಾರದು ಎಂದು ಸುಳ್ಳು ಬರೆದೆ. ಸುಳ್ಳಿನಿಂದಲೇ ಹೋಯಿತು. ಊರಿಗೆಲ್ಲ ಕನ್ನಡಕ ಮಾಡಿಕೊಟ್ಟವರ ಮಗನಿಗೆ ಕನ್ನಡಕದಿಂದ ಸರಿಹೋಗದ ಕಣ್ಣು. ಅಪ್ಪ ಇದನ್ನು ನೋಡಲಿಲ್ಲವಲ್ಲ, ಅಷ್ಟೇ ಸಮಾಧಾನ.

ಹನ್ನೊಂದು ವರ್ಷವೂ ನಕಲಲ್ಲ. ಮಗಳಿಗೆ ಏಳು ತುಂಬಿದ ವಾರ, ಆ ಸಂಜೆಯಿಂದ ಶುರು. ಅದಕ್ಕೆ ಹಿಂದಿನ ಎಂಟು ವರ್ಷದ್ದು ನನ್ನ ಕಣ್ಣಿನದು. ನಂಬುವುದು ಬಿಡುವುದು ನಿನಗೆ ಸೇರಿದ್ದು.

ಒಂದು ಕೇಳುತ್ತೇನೆ. ನವೆಂಬರ್ 27ರ ಸಂಜೆ, ದೀಪ ಹಚ್ಚಿ ಕತ್ತಲು ಕವಿದ ಮೇಲೆ, ನೀನು ಅಲ್ಲಿ ನೋಡು, ನಾನು ಇಲ್ಲಿ ಅಂಗಳಕ್ಕೆ ಹೋಗಿ ನೋಡುತ್ತೇನೆ. ನನ್ನ ಚೀಟಿ ಕಳಿಸುತ್ತೇನೆ. ನೀನು ನಿನ್ನದನ್ನು ಬರೆದ ಮೇಲೇ ಅದನ್ನು ಬಿಡಿಸು. ಅಪ್ಪನ ನಿಯಮದ ಪ್ರಕಾರ.

ಗೂಬೆ


ನವೆಂಬರ್ 28

ಅತ್ತೆ,

ಚೀಟಿ ಇದರ ಜೊತೆಗಿದೆ. ಅಪ್ಪ ತಾವೇ ಬರೆದು ಮಡಚಿದ್ದಾರೆ, ನನಗೂ ತೋರಿಸಲಿಲ್ಲ. ನಿನ್ನೆ ಸಂಜೆ ಅಂಗಳದಲ್ಲಿ ನಿಲ್ಲಿಸಿ, ಭುಜ ಹಿಡಿದು, ಕಳ್ಳ ಇದ್ದ ಕಡೆಗೆ ತಿರುಗಿಸಿದೆ. ನನಗೆ ಎಷ್ಟು ಚೆನ್ನಾಗಿ ಕಾಣುತ್ತಿದ್ದ! ಹೇಳಲು ಹೊರಟೆ. "ಬಾಯಿ ಬಿಡ್ಬೇಡ" ಎಂದು ಗದರಿದರು. ಕಾಲು ಗಂಟೆ ಕತ್ತೆತ್ತಿ ನಿಂತಿದ್ದರು. ಕೊನೆಗೆ "ಸಾಕು, ನಡಿ" ಎಂದರು.

ನಿಮ್ಮ ಸೊಸೆ


ಡಿಸೆಂಬರ್ 9

ಗೂಬೆ,

ಇದನ್ನು ಮಗಳ ಕೈಯಲ್ಲಿ ಓದಿಸಿಕೋ. ಜೊತೆಗಿರುವ ಕಾರ್ಡನ್ನು ಮಾತ್ರ ಯಾರ ಕೈಗೂ ಕೊಡಬೇಡ.

27ರ ಸಂಜೆ ತಾರಸಿಗೆ ಹೋದೆ. ದುರ್ಬೀನಿಗೆ ಬಟ್ಟೆ ಹೊದಿಸಿಟ್ಟು ಬರಿಗಣ್ಣಿನಿಂದ ನೋಡಿದೆ, ನೀನು ನೋಡುವ ಹಾಗೆ ನಾನೂ ನೋಡೋಣ ಎಂದು. ಅಂಕಿ ಬರೆದು, ಮಡಚಿ, ಡಬ್ಬಿಗೆ ಹಾಕಿದೆ. ನಿನ್ನ ಚೀಟಿ ಬಂದದ್ದು ಐದು ದಿನದ ಮೇಲೆ. ಬಿಡಿಸುವುದಕ್ಕೆ ಹೆದರಿಕೆಯಾಯಿತು. ಏನಾದರೂ ಅಂಕಿ ಇದ್ದರೆ, ಅದು ಸರಿಯಾದ ಅಂಕಿಯೇ ಆಗಿದ್ದರೆ, ಮಗಳು ಹೇಳಿಕೊಟ್ಟಿದ್ದಾಳೆ ಎಂದುಕೊಂಡು ನಾನು ಮತ್ತೆ ನಿನ್ನನ್ನು ಕಳೆದುಕೊಳ್ಳುತ್ತಿದ್ದೆ.

ಓರೆಕೋರೆ ಅಕ್ಷರದಲ್ಲಿ ಒಂದೇ ಪದ ಇತ್ತು: ಕಾಣಲಿಲ್ಲ.

ದಾಖಲೆಯಲ್ಲಿ ಅದಕ್ಕೂ ಜಾಗವಿದೆಯಲ್ಲ. ನೋಡಿದವನಿಗೆ ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯಬೇಕು ಎನ್ನುತ್ತಿದ್ದರು ಅಪ್ಪ. ನವೆಂಬರ್ 27, ಎರಡನೆಯ ಅಂಕಣ, ಕಾಣಲಿಲ್ಲ. ನನ್ನ ಕೈಯಾರೆ ಬರೆದೆ. ಬರೆದು ತುಂಬ ಹೊತ್ತು ಅತ್ತೆ.

ನಿನ್ನ ಮಗಳಿಗೆ ಏಳು ತುಂಬಿದ ವಾರವನ್ನು ಪುಸ್ತಕದಲ್ಲಿ ಹುಡುಕಿದೆ. ಮಾರ್ಚ್ 11. ಅಲ್ಲಿಂದ ಮುಂದೆ ನಿನ್ನ ಅಂಕಿ ನನ್ನದೇ. ಅಲ್ಲಿಂದ ಹಿಂದೆ ಎಲ್ಲ ಕಡೆ ನೀನು ನನಗಿಂತ ಎರಡು ಕಾಳು ಹೆಚ್ಚು ಬೆಳಕು ಕಂಡಿದ್ದೀಯ. ನಾನು 7.4 ಬರೆದ ದಿನ ನೀನು 7.2. ಆಗ ನಿನಗೆ ನನಗಿಂತ ಚೆನ್ನಾಗಿ ಕಾಣುತ್ತಿತ್ತೇನೋ. ಅಕ್ಷರ ತಪ್ಪು ಹಿಡಿಯುವುದೇ ಕೆಲಸವಾದ ನಾನು ಇದನ್ನು ಅವತ್ತು ನೋಡದೆ ಮೊದಲ ಪುಟದಿಂದಲೇ ಕೆಂಪು ಗೀಟು ಎಳೆದೆ. ನಿನ್ನ ಮೂರು ವರ್ಷದ ಸುಳ್ಳಿಗೆ ಎಂಟು ವರ್ಷದ ನಿಜವನ್ನೂ ಹೊಡೆದು ಹಾಕಿದೆ.

ಕರಡಿನಲ್ಲಿ ತಪ್ಪಾಗಿ ಹೊಡೆದು ಹಾಕಿದ್ದನ್ನು ಉಳಿಸಬೇಕಾದರೆ ಅದರ ಕೆಳಗೆ ಚುಕ್ಕೆಗಳನ್ನು ಇಡುತ್ತೇವೆ. ಹಾಗೇ ಇರಲಿ ಎಂದು ಅರ್ಥ. ಎಂಟು ವರ್ಷದ ನಿನ್ನ ಅಂಕಿಗಳ ಕೆಳಗೆ ಒಂದೊಂದಕ್ಕೂ ಚುಕ್ಕೆ ಇಟ್ಟೆ. ನಾಲ್ಕು ಸಂಜೆ ಹಿಡಿಯಿತು. ಮೂರು ವರ್ಷದ್ದು ಹೊಡೆದದ್ದು ಹೊಡೆದ ಹಾಗೇ ಇದೆ, ಅದನ್ನು ನೀನೂ ಒಪ್ಪುತ್ತೀಯ. ಎರಡೂ ಅಂಕಣ ನಿನ್ನೆ ಸಂಘಕ್ಕೆ ಹೋದವು, ಅಪ್ಪನ ಇಬ್ಬರು ಮಕ್ಕಳದ್ದೂ.

ಇನ್ನು ಹೇಳದೆ ಉಳಿದದ್ದು ಒಂದು. ಚಂದ್ರ. ಒಂಬತ್ತು ವರ್ಷ ನಿನಗೆ ಚಂದ್ರ ಕಾಣುತ್ತಿದ್ದ, ಮತ್ತು ಆ ಒಂಬತ್ತು ವರ್ಷ ಐಪೀಸುಗಳು ನನ್ನ ಕಪಾಟಿನ ಮೇಲಿನ ಅರೆಯಲ್ಲಿ, ಗಂಟಲುಮಾತ್ರೆಯ ಡಬ್ಬಿಯಲ್ಲಿ ಇದ್ದವು. ಒಂದು ಅಂಚೆಯಲ್ಲಿ ಬಂದುಬಿಡುತ್ತಿದ್ದವು. ನಾನು ನಕ್ಷತ್ರ ನೋಡುವುದು ಬಿಟ್ಟಿದ್ದೆ, ನಿನಗೆ ಸಿಗಬಾರದು ಎಂದು ಮಾತ್ರ ಇಟ್ಟುಕೊಂಡಿದ್ದೆ. ನೀನು ಕೊಳವೆ ಒರೆಸುತ್ತ ಕಾದೆ. ಇದಕ್ಕೆ ಕ್ಷಮೆ ಕೇಳಬಹುದು, ಆದರೆ ಕೇಳಿದರೂ ಒಂದು ಸಂಜೆಯ ಚಂದ್ರನನ್ನೂ ನಾನು ನಿನಗೆ ವಾಪಸು ಕೊಡಲಾರೆ. ಆದರೂ ಕೇಳುತ್ತಿದ್ದೇನೆ.

ಕಳ್ಳ ಇಳಿಯಲು ಶುರುಮಾಡಿದ್ದಾನೆ. ಇಪ್ಪತ್ತರ ಬಸ್ಸಿಗೆ ಬರುತ್ತೇನೆ. ಬಾಗಿಲಲ್ಲಿ ನಿಂತು ಕೂಗುತ್ತೇನೆ, ಮೊದಲಿನ ಹಾಗೆ ಸುಮ್ಮನೆ ನಿಲ್ಲುವುದಿಲ್ಲ. ಅಲ್ಲಿಯವರೆಗೆ ಈ ಕಾರ್ಡು. ನಾನು ಪ್ರೆಸ್ಸಿಗೆ ಸೇರಿದಾಗ ಅಚ್ಚುಮೊಳೆಗಳ ಕಾಲ, ಉಲ್ಟಾ ಅಕ್ಷರ ಓದಿಯೇ ಕೆಲಸ ಕಲಿತವಳು. ಶಾಯಿ ಮುಗಿದ ಪೆನ್ನಿನಿಂದ ಕಾರ್ಡಿನ ಹಿಂಬದಿಗೆ ಅಂಕಿಯನ್ನು ಉಲ್ಟಾ ಬರೆದಿದ್ದೇನೆ, ಮುಂಬದಿಗೆ ಅದು ಉಬ್ಬಿ ನಿಂತಿದೆ. 27ರ ಸಂಜೆ ನನಗೆ ಕಂಡದ್ದು. ಇನ್ನು ಮೇಲೆ ನಾನು ನೋಡಿದಾಗಲೆಲ್ಲ ಇಂಥದ್ದೊಂದು ಬರುತ್ತದೆ.

ಬೆರಳಿಟ್ಟು ಓದು. ಚೆನ್ನಾಗಿ ಒತ್ತಿ ಬರೆದಿದ್ದೇನೆ.

ಅಕ್ಕ